ಮಾಲೆ ತೆಗೆದ ಸಂಜೆ

(ಆಶಾ ಕಾರ್ಯಕರ್ತೆಯರು ಮತ್ತು ಸ್ವಸಹಾಯ ಸಂಘದ ಸದಸ್ಯೆಯರ ಸಭೆಯಲ್ಲಿ ವ್ಯಸನದ ಬಗ್ಗೆ ಆಡಿದ ಮಾತುಗಳನ್ನು ಟಿಪ್ಪಣಿ ನೋಡಿಕೊಂಡು ಬರೆದಿದ್ದೇನೆ. ರೋಗಿಗಳ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಪ್ರತಿ ವರ್ಷ ನವೆಂಬರ್ ಮಧ್ಯದಲ್ಲಿ ನಮ್ಮ ಓಪಿಡಿ, ಅಂದರೆ ಆಸ್ಪತ್ರೆಯ ಹೊರರೋಗಿ ವಿಭಾಗ, ಸ್ವಲ್ಪ ಖಾಲಿಯಾಗುತ್ತದೆ. ಶಬರಿಮಲೆಗೆ ಮಾಲೆ ಹಾಕುವ ಕಾಲ ಅದು. ವರ್ಷವಿಡೀ ಕುಡಿದವರು ಕಪ್ಪು ಬಟ್ಟೆ ತೊಟ್ಟು, ಬರಿಗಾಲಲ್ಲಿ ನಡೆದು, ಎರಡು ಹೊತ್ತು ತಣ್ಣೀರು ಸ್ನಾನ ಮಾಡಿ, 41 ದಿನ ಒಂದು ಹನಿ ಮುಟ್ಟುವುದಿಲ್ಲ. ಮಕರ ಜ್ಯೋತಿ ಮುಗಿದು ಜನವರಿ ಕೊನೆಗೆ ಬಂದರೆ ಓಪಿಡಿ ಮತ್ತೆ ತುಂಬುತ್ತದೆ.

ಅಂಥ ಒಂದು ಜನವರಿಯಲ್ಲಿ ಒಬ್ಬ ಹೆಣ್ಣುಮಗಳು ಗಂಡನನ್ನು ಕರೆದುಕೊಂಡು ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು. "ಡಾಕ್ಟ್ರೇ, ಮಾಲೆ ಹಾಕಿದ ಮೊದಲ ಮೂರು ದಿನ ಸ್ವಲ್ಪ ಕೈ ನಡುಗ್ತು. ಆಮೇಲೆ ಏನೂ ಇಲ್ಲ. ಚೆನ್ನಾಗಿ ಉಂಡ್ರು, ಚೆನ್ನಾಗಿ ಮಲಗಿದ್ರು. ಮಾಲೆ ತೆಗೆದ ಸಂಜೆನೇ ಕುಡಿದು ಬಂದ್ರು. ಅಂದ್ರೆ ಬಿಡೋಕೆ ಆಗುತ್ತೆ ಅಂತಾಯ್ತಲ್ಲ. ಬೇಕಂತಲೇ ಬಿಡ್ತಿಲ್ಲ, ಅಲ್ವಾ?"

ಗಂಡ ತಲೆ ತಗ್ಗಿಸಿ ಕೂತಿದ್ದರು. ಆ ದಿನ ಹೊರಗೆ 60 ಜನ ಕಾಯುತ್ತಿದ್ದರು. ನಾನು ಏನೋ ಎರಡು ಮಾತು ಹೇಳಿ ಮಾತ್ರೆ ಬರೆದು ಕಳಿಸಿದೆ. ಆದರೆ ಆಕೆಯ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು. ವ್ಯಸನದ ಬಗ್ಗೆ ನಾನು ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ಆಕೆಗೆ ಅಂದು ಕೊಡದ ಉತ್ತರವನ್ನು ಇವತ್ತು ನಿಮ್ಮ ಮುಂದೆ ಕೊಡಲು ನೋಡುತ್ತೇನೆ. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಇದೇ ಪ್ರಶ್ನೆ ಇದೆ ಅಂತ ನನಗೆ ಗೊತ್ತು.

ಮೊದಲು ದೇಹದ ಕಡೆ ನೋಡೋಣ. ಇಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಬೇಕೇ ಬೇಕು ಅನ್ನುವವರು ಇದ್ದೀರಿ. ಏಕಾದಶಿಯೋ, ಶಿವರಾತ್ರಿಯೋ ಬಂದು ಕಾಫಿಯನ್ನೂ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ. ಉಪವಾಸದ ತಲೆನೋವು ಅಂತ ಸುಮ್ನೆ ಮಲಗುತ್ತೀರಿ. ಅದರಲ್ಲಿ ಹಸಿವಿನ ಪಾಲು ಸ್ವಲ್ಪ ಇರಬಹುದು, ಕಾಫಿಯ ಪಾಲು ಜಾಸ್ತಿ. ದಿನಾ ಕಾಫಿ ಕುಡಿಯುವ ದೇಹ ಅದಕ್ಕೆ ಹೊಂದಿಕೊಂಡಿರುತ್ತದೆ. ಕಾಫಿ ನಿಲ್ಲಿಸಿ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ, ಕೆಲವು ದಿನ ಇದ್ದು ಹೋಗುತ್ತದೆ. ಇದಕ್ಕೆ ವಿತ್‌ಡ್ರಾಯಲ್ ಅನ್ನುತ್ತಾರೆ. ಕಾಫಿಗೋಸ್ಕರ ನೀವು ತಾಳಿ ಅಡ ಇಡುವುದಿಲ್ಲ, ಮಕ್ಕಳಿಗೆ ಸುಳ್ಳು ಹೇಳುವುದಿಲ್ಲ. ದೇಹ ಒಂದು ವಸ್ತುವಿಗೆ ಒಗ್ಗಿಹೋಗುವುದು ಎಂದರೇನು ಅಂತ ಮಾತ್ರ ಅದರಿಂದ ಗೊತ್ತಾಗುತ್ತದೆ.

ಮದ್ಯದಲ್ಲಿ ಇದೇ ಕತೆ, ಆದರೆ ತುಂಬಾ ಜೋರಾಗಿ. ನಮ್ಮ ಮೆದುಳಿನಲ್ಲಿ ಗಾಬಾ ಅಂತ ಒಂದು ರಾಸಾಯನಿಕ ಇದೆ. ಅದು ಶಾಂತ ಮಾಡುತ್ತದೆ, ನಿಧಾನ ಮಾಡುತ್ತದೆ. ಗ್ಲುಟಮೇಟ್ ಅಂತ ಇನ್ನೊಂದಿದೆ. ಅದು ಎಚ್ಚರಿಸುತ್ತದೆ, ಚುರುಕು ಮಾಡುತ್ತದೆ. ಮದ್ಯ ಗಾಬಾದ ಕೈ ಬಲಪಡಿಸುತ್ತದೆ, ಗ್ಲುಟಮೇಟ್‌ನ ಕೈ ಕಟ್ಟುತ್ತದೆ. ಹಾಗಾಗಿ ಕುಡಿದವರ ನಾಲಿಗೆ ತೊದಲುತ್ತದೆ, ಕಾಲು ಎಡವುತ್ತದೆ.

ಮಹಿಳಾ ದಿನಾಚರಣೆಯಲ್ಲಿ ನೀವು ಹಗ್ಗ ಜಗ್ಗಾಟ ಆಡಿದ್ದೀರಿ ಅಲ್ವಾ? ಹಾಗೆ ಯೋಚನೆ ಮಾಡಿ. ಮದ್ಯ ಒಂದು ಕಡೆಯಿಂದ ನಿದ್ದೆಯ ಕಡೆಗೆ ಎಳೆಯುತ್ತದೆ. ಮೆದುಳು ಸುಮ್ಮನಿರುವುದಿಲ್ಲ, ಹಿಮ್ಮಡಿ ಊರಿ ಎಚ್ಚರದ ಕಡೆಗೆ ಎಳೆಯುತ್ತದೆ. ದಿನಾ ಎಳೆದೂ ಎಳೆದೂ ಅದಕ್ಕೆ ಬಲ ಬರುತ್ತದೆ. ಮೊದಲು ಒಂದು ನೈಂಟಿಯಲ್ಲಿ ಏರುತ್ತಿದ್ದವನಿಗೆ ಈಗ ಕ್ವಾರ್ಟರ್ ಕುಡಿದರೂ ಏನೂ ಆಗುವುದಿಲ್ಲ. "ನಮ್ಮೋನು ಎಷ್ಟ್ ಕುಡಿದ್ರೂ ಸ್ಟೆಡಿ" ಅಂತ ಗೆಳೆಯರು ಹೊಗಳುವುದನ್ನು ಕೇಳಿದ್ದೀರಿ. ಅದು ಹೊಗಳುವ ವಿಷಯವಲ್ಲ. ಆ ಮೆದುಳು ಹಗಲೂ ರಾತ್ರಿ ಹಗ್ಗ ಎಳೆಯುತ್ತಾ ನಿಂತಿದೆ ಅಂತ ಅರ್ಥ.

ಈಗ ಆ ಕಡೆಯವರು ಹಗ್ಗವನ್ನು ಒಂದೇ ಸಲ ಬಿಟ್ಟುಬಿಟ್ಟರೆ? ಈ ಕಡೆಯವರು ಬಿದ್ದರು. ಕುಡಿತ ಒಮ್ಮೆಗೇ ನಿಲ್ಲಿಸಿದಾಗ ಆಗುವುದು ಅದೇ. ಆರೆಂಟು ಗಂಟೆಯಲ್ಲಿ ಕೈ ನಡುಕ, ಬೆವರು, ವಾಂತಿ ಬಂದ ಹಾಗೆ ಆಗುವುದು, ಎದೆ ಹೊಡೆದುಕೊಳ್ಳುವುದು. ಬೆಳಿಗ್ಗೆ ಎದ್ದು ಲೋಟ ಹಿಡಿಯಲಾಗದವನು ಒಂದು ಗುಟುಕು ಹಾಕಿದ ಮೇಲೆ ಸರಿಹೋಗುವುದು ಇದಕ್ಕೇ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಇನ್ನು ಕೆಲವರಿಗೆ ಬುದ್ಧಿ ಕಲಕಿಹೋಗುತ್ತದೆ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು.

ನಾನು ಕೆಲಸಕ್ಕೆ ಸೇರಿದ ವರ್ಷ ನೋಡಿದ ಒಂದು ಕೇಸು ಹೇಳುತ್ತೇನೆ. ಒಬ್ಬ ಬಸ್ ಡ್ರೈವರ್ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಮೂಳೆ ವಾರ್ಡಿಗೆ ಸೇರಿದ್ದ. ಮೊದಲ ದಿನ ಎಲ್ಲರ ಜೊತೆ ನಗುನಗುತ್ತಾ ಮಾತಾಡಿದ. ಎರಡನೇ ರಾತ್ರಿ ನಿದ್ದೆ ಇಲ್ಲ. ಮೂರನೇ ದಿನ ಗೋಡೆ ಮೇಲೆ ಇರುವೆ ಸಾಲು ಹರಿಯುತ್ತಿದೆ ಅಂದ. ಡ್ರಿಪ್ ಕಿತ್ತೆಸೆದ. ಆಮೇಲೆ ಹಾಸಿಗೆ ಮೇಲೆ ಎದ್ದು ಕೂತು ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸತೊಡಗಿದ. ಗೇರ್ ಬದಲಾಯಿಸಿದ. "ಹಿಂದೆ ಹೋಗಿ, ಹಿಂದೆ ಹೋಗಿ" ಅಂತ ಪ್ರಯಾಣಿಕರಿಗೆ ಕೂಗಿದ. ಈ ಸ್ಥಿತಿಯಲ್ಲಿ ಕೆಲವರು ತಮ್ಮ ಕಸುಬನ್ನೇ ಮಾಡುತ್ತಾರೆ. ಟೈಲರ್ ಆದರೆ ಗಾಳಿಯಲ್ಲಿ ಹೊಲಿಯುತ್ತಾನೆ. ವಾರ್ಡಿನವರು ತಲೆಗೆ ಪೆಟ್ಟು ಬಿದ್ದಿರಬೇಕು ಅಂದುಕೊಂಡರು. ಅವನ ಅಮ್ಮ ಯಾರೋ ಏನೋ ಮಾಡಿಸಿದ್ದಾರೆ ಅಂತ ತಾಯತ ತರಲು ಹೋಗಿದ್ದರು. ಸೇರಿಸಿಕೊಂಡಾಗ ನಾವ್ಯಾರೂ ಅವನನ್ನು ಕೇಳಿರಲಿಲ್ಲ, ದಿನಾ ಕುಡೀತೀಯಾ, ಕೊನೇ ಸಲ ಯಾವಾಗ ಕುಡಿದೆ ಅಂತ. ಆ ಒಂದು ಪ್ರಶ್ನೆ ಕೇಳಿದ್ದರೆ ಮೂರನೇ ದಿನ ಬರುತ್ತಲೇ ಇರಲಿಲ್ಲ. ಅವನು ಉಳಿದ. ನನಗೆ ಮಾತ್ರ ಆ ಪಾಠ ಇವತ್ತಿಗೂ ಮರೆತಿಲ್ಲ.

ಆದ್ದರಿಂದ ಆಶಾ ಅಕ್ಕಂದಿರಲ್ಲಿ ನನ್ನ ಒಂದು ಕೋರಿಕೆ. ಬೆಳಿಗ್ಗೆಯೇ ಕುಡಿಯುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು, ಇಲ್ಲದ್ದು ಕಂಡವರು, ವಯಸ್ಸಾದವರು, ಲಿವರ್ ಕೆಟ್ಟವರು ನಿಮ್ಮ ಊರಲ್ಲಿದ್ದರೆ, ಅವರು ಮನೆಯಲ್ಲಿ ತಾವೇ ಒಮ್ಮೆಗೇ ಬಿಡಲು ಹೊರಟರೆ, ತಡೆಯಿರಿ. ಬಿಡಬೇಡಿ ಅನ್ನಬೇಡಿ. ಆಸ್ಪತ್ರೆಯಲ್ಲಿ ಬಿಡಿ ಅನ್ನಿ. ಮಾಲೆ ಹಾಕುವವರಿಗೂ ಇದೇ ಮಾತು. ಮಾಲೆ ಹಾಕಿ ಮೂರನೇ ದಿನ ಒಬ್ಬರು ನಡುಗುತ್ತಾ ಏನೇನೋ ಮಾತಾಡಿದರೆ ಸ್ವಾಮಿ ಮೈಮೇಲೆ ಬಂದಿದ್ದಾರೆ ಅಂತ ಕೈ ಮುಗಿದು ಕೂರಬೇಡಿ. ಗಾಡಿ ಹತ್ತಿಸಿ. ಆಸ್ಪತ್ರೆಯಲ್ಲಿ ಮೆದುಳನ್ನು ಶಾಂತ ಮಾಡುವ ಡಯಾಜಿಪಾಮ್ ಜಾತಿಯ ಔಷಧಿಯನ್ನು ಮೊದಲು ಸಾಕಷ್ಟು ಕೊಟ್ಟು, ಒಂದು ವಾರದಲ್ಲಿ ಇಳಿಸುತ್ತಾ ಬರುತ್ತೇವೆ. ಬಿ1 ವಿಟಮಿನ್, ಅಂದರೆ ಥಯಾಮಿನ್ ಇಂಜೆಕ್ಷನ್ ಕೊಡುತ್ತೇವೆ. ಕುಡಿಯುವವರು ಊಟ ಬಿಟ್ಟಿರುತ್ತಾರೆ, ಈ ವಿಟಮಿನ್ ಖಾಲಿಯಾಗಿರುತ್ತದೆ. ಅದಿಲ್ಲದೆ ನೆನಪಿನ ಶಕ್ತಿಯೇ ಶಾಶ್ವತವಾಗಿ ಹಾಳಾದವರನ್ನು ನೋಡಿದ್ದೇನೆ. ಹೆಂಡತಿಯ ಮುಖ ಗೊತ್ತು, ಬೆಳಿಗ್ಗೆ ತಿಂದ ತಿಂಡಿ ಯಾವುದು ಅಂತ ಗೊತ್ತಿಲ್ಲ. ಕೆಲವು ರೂಪಾಯಿಯ ಇಂಜೆಕ್ಷನ್ ಅದು.

ದೇಹದ ಕೆಲಸ ಇಲ್ಲಿಗೆ ಹೆಚ್ಚೂಕಡಿಮೆ ಮುಗಿಯಿತು. ವಾರ, ಹತ್ತು ದಿನ. ನಿದ್ದೆ ಸರಿಹೋಗಲು ಇನ್ನೂ ಸ್ವಲ್ಪ ಸಮಯ ಬೇಕು. ಆದರೆ ಹಗ್ಗದ ಆಟ ನಿಂತಿರುತ್ತದೆ. ಮಾಲೆ ಹಾಕಿದವರ 41ನೇ ದಿನಕ್ಕೆ ದೇಹಕ್ಕೆ ಮದ್ಯ ಬೇಕಾಗಿಯೇ ಇರುವುದಿಲ್ಲ. ಹಾಗಾದರೆ ಆ ಸಂಜೆ ಅವರನ್ನು ಬಾರಿಗೆ ಎಳೆದದ್ದು ಯಾವುದು?

ಅದಕ್ಕೆ ಮೊದಲು ಇನ್ನೊಂದು ಬಗೆಯ ಜನರನ್ನು ತೋರಿಸಬೇಕು. ದೇಹ ಪೂರ್ತಿ ಒಗ್ಗಿದೆ, ಆದರೆ ವ್ಯಸನ ಇಲ್ಲ. ನಮ್ಮ ದೊಡ್ಡಮ್ಮನಿಗೆ ಬಾಯಿ ಕ್ಯಾನ್ಸರ್ ಆಗಿತ್ತು. ಜೀವಮಾನವೆಲ್ಲಾ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿದವರು. ಕೊನೆಗೆ ನೋವು ತಡೆಯಲಾರದೆ ರಾತ್ರಿಯೆಲ್ಲಾ ಗೋಡೆಗೆ ಹಣೆ ಒತ್ತಿ ಕೂರುತ್ತಿದ್ದರು. ವೈದ್ಯರು ಮಾರ್ಫಿನ್ ಮಾತ್ರೆ ಬರೆದರು. ಅವರ ಮಗ ಅರ್ಧ ಡೋಸ್ ಮಾತ್ರ ಕೊಡುತ್ತಿದ್ದ. ಯಾಕೋ ಅಂದರೆ, "ಅಮ್ಮಂಗೆ ಚಟ ಆಗ್ಬಿಡುತ್ತೆ" ಅಂದ. ನಾನು ಜಗಳ ಆಡಿ ಪೂರ್ತಿ ಕೊಡಿಸಿದೆ. ಆಮೇಲೆ ದೊಡ್ಡಮ್ಮ ಮಲಗಿದರು, ಮಾತಾಡಿದರು, ಮೊಮ್ಮಗಳ ಜಡೆ ಹೆಣೆದರು. ದಿನಾ ಮಾರ್ಫಿನ್ ತೆಗೆದುಕೊಂಡರೆ ದೇಹ ಒಗ್ಗುವುದು ನಿಜ, ದಿಢೀರಂತ ನಿಲ್ಲಿಸಿದರೆ ಕಷ್ಟ ಆಗುವುದೂ ನಿಜ. ಆದರೆ ಅವರ ಬದುಕು ಮಾತ್ರೆಯ ಸುತ್ತ ಸುತ್ತಲಿಲ್ಲ. ಮಾತ್ರೆಯಿಂದಾಗಿ ಬದುಕು ಅವರ ಕೈಗೆ ವಾಪಸ್ ಬಂತು. 2014ರಲ್ಲಿ ಕಾನೂನು ತಿದ್ದುಪಡಿ ಮಾಡಿ, ನೋವಿನಲ್ಲಿರುವವರಿಗೆ ಮಾರ್ಫಿನ್ ಸಿಗುವುದನ್ನು ಸುಲಭ ಮಾಡಿದ್ದಾರೆ. ಆದರೂ ಚಟದ ಹೆದರಿಕೆಯಿಂದ ನೋವು ನುಂಗಿ ಸಾಯುವವರು ಇದ್ದಾರೆ. ನಿಮ್ಮ ಊರಲ್ಲಿ ಅಂಥವರು ಕಂಡರೆ ದಯವಿಟ್ಟು ಈ ಮಾತು ಹೇಳಿ.

ನೋಡಿ, ದೇಹ ಒಗ್ಗುವುದು ಬೇರೆ, ವ್ಯಸನ ಬೇರೆ. ಎರಡೂ ಒಟ್ಟಿಗೆ ಇರಬಹುದು, ಒಂದಿದ್ದು ಇನ್ನೊಂದು ಇಲ್ಲದಿರಬಹುದು. ಒಟ್ಟಿಗೆ ಇದ್ದಾಗಲೂ ದೇಹದ್ದು ದಿನಗಳ ಲೆಕ್ಕ, ಮನಸ್ಸಿನದು ವರ್ಷಗಳ ಲೆಕ್ಕ.

ಇದು ನಮ್ಮೆಲ್ಲರ ಕಣ್ಣ ಮುಂದೆ ನಡೆದದ್ದು 2020ರಲ್ಲಿ. ಮಾರ್ಚ್ ಕೊನೆಗೆ ಲಾಕ್‌ಡೌನ್ ಆಗಿ ಮದ್ಯದಂಗಡಿಗಳು ಮುಚ್ಚಿದವು. ಮೊದಲ ವಾರದಲ್ಲೇ ಬೆಂಗಳೂರಿನ ಆಸ್ಪತ್ರೆಗಳಲ್ಲಿ ತೀವ್ರ ವಿತ್‌ಡ್ರಾಯಲ್ ಕೇಸುಗಳು ಹೆಚ್ಚಾದವು. ನಿಮ್ಹಾನ್ಸ್ ವೈದ್ಯರು ಅದನ್ನು ದಾಖಲಿಸಿದ್ದಾರೆ. ಅದು ದೇಹದ ಕೂಗು. ಆಮೇಲೆ ಅದು ಇಳಿಯಿತು. ಮೇ 4ರಂದು ಅಂಗಡಿಗಳು ಮತ್ತೆ ತೆರೆದವು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಸಾಲು ನಿಂತಿದ್ದನ್ನು ಟಿವಿಯಲ್ಲಿ ನೋಡಿದಿರಿ. ನಡುವೆ ಹೋದದ್ದು ಎಷ್ಟು ದಿನ? ಹತ್ತಿರ ಹತ್ತಿರ 40. ಒಂದು ಮಾಲೆಯ ಅವಧಿ! ಸಾಲಿನಲ್ಲಿದ್ದ ಎಲ್ಲರೂ ವ್ಯಸನಿಗಳಲ್ಲ, ಅದನ್ನು ಒಪ್ಪುತ್ತೇನೆ. ಆದರೆ ನನ್ನ ರೋಗಿಗಳೂ ಆ ಸಾಲಿನಲ್ಲಿದ್ದರು. 40 ದಿನ ಆರಾಮಾಗಿದ್ದವರು. ಅವರ ದೇಹ ಯಾವತ್ತೋ ಸುಮ್ಮನಾಗಿತ್ತು.

ಇದಕ್ಕೆ ಉಲ್ಟಾ ಒಂದು ಕತೆ ವಿಯೆಟ್ನಾಂ ಯುದ್ಧದ್ದು. 1971ರ ಹೊತ್ತಿಗೆ ಅಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಐವರಲ್ಲಿ ಒಬ್ಬ ಹೆರಾಯಿನ್‌ಗೆ ಅಂಟಿಕೊಂಡಿದ್ದ. ಇವರೆಲ್ಲಾ ವಾಪಸ್ ಬಂದರೆ ದೇಶದ ಗತಿ ಏನು ಅಂತ ಸರ್ಕಾರ ನಡುಗಿತು. ಲೀ ರಾಬಿನ್ಸ್ ಎಂಬ ಸಂಶೋಧಕಿ ವಾಪಸ್ ಬಂದವರ ಜಾಡು ಹಿಡಿದು ವಿಚಾರಿಸಿದರು. ಅಲ್ಲಿ ವ್ಯಸನಿಗಳಾಗಿದ್ದವರಲ್ಲಿ, ಊರಿಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ನೂರಕ್ಕೆ ಸುಮಾರು ಐದು ಜನ. ಯಾರೂ ಮೊದಲು ನಂಬಲಿಲ್ಲ. ಊರಲ್ಲೂ ಹೆರಾಯಿನ್ ಸಿಗುತ್ತಿತ್ತು. ಆದರೆ ಆ ಕಾಡು, ಆ ಭಯ, ಆ ಗೆಳೆಯರು, ಆ ಸಂಜೆಗಳು ಅಲ್ಲೇ ಉಳಿದಿದ್ದವು. ಹೆರಾಯಿನ್ ಅಂಟಿಕೊಂಡದ್ದು ಅವಕ್ಕೆ.

ನಮ್ಮ ಮಾಲೆ ಹಾಕಿದ ಅಣ್ಣ ಎಲ್ಲಿಗೆ ವಾಪಸ್ ಬರುತ್ತಾನೆ? ಅದೇ ಊರಿಗೆ. ಅದೇ ರಸ್ತೆಗೆ.

ಇಲ್ಲಿ ಮೆದುಳಿನ ಬಗ್ಗೆ ಇನ್ನೊಂದು ವಿಷಯ ಹೇಳಬೇಕು. ವುಲ್ಫ್ರಾಂ ಶುಲ್ಟ್ಸ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಕೋತಿಗಳ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡುವ ಜೀವಕೋಶಗಳನ್ನು ಗಮನಿಸಿದರು. ಒಂದು ದೀಪ ಹೊತ್ತುತ್ತದೆ, ಆಮೇಲೆ ಹಣ್ಣಿನ ರಸ ಬರುತ್ತದೆ. ಮೊದಮೊದಲು ರಸ ಬಾಯಿಗೆ ಬಿದ್ದಾಗ ಆ ಜೀವಕೋಶಗಳು ಎಚ್ಚರಗೊಳ್ಳುತ್ತಿದ್ದವು. ಅಭ್ಯಾಸ ಆದ ಮೇಲೆ ರಸಕ್ಕೆ ಸುಮ್ಮನಿದ್ದವು. ದೀಪ ಹೊತ್ತಿದ ಕೂಡಲೇ ಎದ್ದು ಕೂತವು. ಅಂದರೆ ಮೆದುಳು ಕಲಿತದ್ದು ರುಚಿಯನ್ನಲ್ಲ, ಸೂಚನೆಯನ್ನು. ಸಂಜೆ ಆರೂವರೆ, ಕೂಲಿ ಕೈಗೆ ಬರುವ ಶನಿವಾರ, ಬಾರ್ ಪಕ್ಕದ ಕಬಾಬ್ ಅಂಗಡಿಯ ವಾಸನೆ, ಗೆಳೆಯನ ಬೈಕಿನ ಹಾರ್ನ್. ಇವೇ ಆ ದೀಪಗಳು.

ಕೆಂಟ್ ಬೆರಿಜ್ ಎಂಬ ಇನ್ನೊಬ್ಬ ವಿಜ್ಞಾನಿ, ಬೇಕು ಅನ್ನಿಸುವುದಕ್ಕೂ ಇಷ್ಟ ಆಗುವುದಕ್ಕೂ ಮೆದುಳಿನಲ್ಲಿ ಬೇರೆ ಬೇರೆ ದಾರಿ ಇದೆ ಅಂತ ತೋರಿಸಿದರು. ವ್ಯಸನ ಬೆಳೆದ ಹಾಗೆ ಬೇಕು ಜಾಸ್ತಿಯಾಗುತ್ತಾ ಹೋಗುತ್ತದೆ, ಇಷ್ಟ ಕಮ್ಮಿಯಾಗುತ್ತಾ ಹೋಗುತ್ತದೆ. ನನ್ನ ರೋಗಿಗಳು ಇದನ್ನು ನನಗೆ ಮೊದಲೇ ಹೇಳಿದ್ದರು. "ಈಗ ಮಜಾ ಏನೂ ಇಲ್ಲ ಡಾಕ್ಟ್ರೇ, ಕಹಿ. ಆದ್ರೂ ಕಾಲು ಆ ಕಡೆಗೇ ಹೋಗುತ್ತೆ." ಮೋಜಿಗೋಸ್ಕರ ಕುಡಿಯುತ್ತಾನೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಮೋಜು ಮುಗಿದು ಎಷ್ಟೋ ವರ್ಷ ಆಗಿರುತ್ತದೆ.

ಈಗ ಆಕೆಯ ಪ್ರಶ್ನೆಗೆ ಬರೋಣ. ಮಾಲೆ ಹಾಕಿದ 41 ದಿನ ನಿಜವಾಗಿ ಏನಾಯಿತು? ಎಲ್ಲರೂ ದೇವರ ಭಯ ಅನ್ನುತ್ತಾರೆ. ಭಯ, ಭಕ್ತಿ ಇದೆ, ನಾನು ಅದನ್ನು ಸಣ್ಣದು ಮಾಡುವುದಿಲ್ಲ. ಆದರೆ ಸ್ವಲ್ಪ ಹತ್ತಿರ ಹೋಗಿ ನೋಡಿ. ಸಂಜೆ ಆರೂವರೆಗೆ ಅವರು ಎಲ್ಲಿದ್ದರು? ಭಜನೆಯಲ್ಲಿ. ಜೊತೆಗೆ ಯಾರಿದ್ದರು? ಕುಡಿಯದ ಹತ್ತು ಜನ. ಗೆಳೆಯರು ಕರೆದರಾ? ಕರೆಯಲಿಲ್ಲ, ಮಾಲೆ ಹಾಕಿದವರನ್ನು ಬಾರಿಗೆ ಕರೆಯಲು ಯಾರಿಗೂ ಧೈರ್ಯ ಇಲ್ಲ. ಬಟ್ಟೆ ಬದಲಾಯಿತು, ಊಟ ಬದಲಾಯಿತು, ಮಲಗುವ ಜಾಗ ಬದಲಾಯಿತು. ಎಲ್ಲಕ್ಕಿಂತ ದೊಡ್ಡದು, ಹೆಸರು ಬದಲಾಯಿತು. ನಿನ್ನೆವರೆಗೆ ಕುಡುಕ ಅನ್ನಿಸಿಕೊಂಡಿದ್ದವನನ್ನು ಹೆಂಡತಿ ಸ್ವಾಮಿ ಅಂದರು. ಮಕ್ಕಳು ಸ್ವಾಮಿ ಅಂದರು. ಸಾಲ ಕೊಟ್ಟ ಅಂಗಡಿಯವನೂ "ಸ್ವಾಮಿ, ಹೇಗಿದ್ದೀರಾ" ಅಂದ. ಒಬ್ಬ ಮನುಷ್ಯನಿಗೆ ಇಷ್ಟು ಮರ್ಯಾದೆ ಎಷ್ಟು ವರ್ಷದ ಮೇಲೆ ಸಿಕ್ಕಿರಬೇಕು, ಯೋಚನೆ ಮಾಡಿ.

ವ್ಯಸನದ ಚಿಕಿತ್ಸೆಯಲ್ಲಿ ನಾವು ವರ್ಷಗಟ್ಟಲೆ ಹೆಣಗಾಡಿ ಕಟ್ಟಲು ನೋಡುವುದು ಇದನ್ನೇ. ಬೇರೆ ಸಂಜೆ, ಬೇರೆ ಜೊತೆ, ಬೇರೆ ದಾರಿ, ಬೇರೆ ಹೆಸರು. ಮಾಲೆ ಅದನ್ನೆಲ್ಲಾ ಒಂದೇ ದಿನದಲ್ಲಿ ಕೊಡುತ್ತದೆ. ತೆಗೆದ ದಿನ ಎಲ್ಲವನ್ನೂ ಒಂದೇ ದಿನದಲ್ಲಿ ವಾಪಸ್ ತೆಗೆದುಕೊಳ್ಳುತ್ತದೆ. ಭಜನೆ ಇಲ್ಲ, ಗುಂಪು ಚದುರಿತು, ಸ್ವಾಮಿ ಹೋಗಿ ಮತ್ತೆ "ಏನೋ, ಬಾರೋ" ಬಂತು. ಆರೂವರೆಗೆ ಕೈ ಖಾಲಿ. ದೀಪ ಹೊತ್ತಿತು.

ಹಾಗಾಗಿ ಆ ತಾಯಿಗೆ ನಾನು ಹೇಳಬೇಕಾಗಿದ್ದ ಉತ್ತರ ಇದು. ಬೇಕಂತಲೇ ಮಾಡಿದ್ದಲ್ಲಮ್ಮ. 41 ದಿನ ಅವರ ಸುತ್ತ ಒಂದು ಬೇಲಿ ಇತ್ತು. ಅದನ್ನು ಊರೆಲ್ಲಾ ಸೇರಿ ಕಟ್ಟಿತ್ತು. ಬೇಲಿ ತೆಗೆದ ದಿನ ಅವರು ಒಬ್ಬರೇ ಆದರು.

ಬೇಲಿ ಅಂದಾಗ ಇನ್ನೊಂದು ನೆನಪಾಯಿತು. ನಮ್ಮಲ್ಲಿ ಬೇಲಿಯ ಬದಲು ಆಣೆ ಹಾಕಿಸುತ್ತೇವೆ. ಮಗನ ತಲೆ ಮುಟ್ಟಿ ಆಣೆ ಮಾಡು, ದೇವರ ಮುಂದೆ ಕರ್ಪೂರ ಆರಿಸು. ದಯವಿಟ್ಟು ಮಾಡಿಸಬೇಡಿ. ಮನುಷ್ಯ ಆ ಕ್ಷಣ ಪ್ರಾಮಾಣಿಕವಾಗಿಯೇ ಆಣೆ ಮಾಡುತ್ತಾನೆ. ಮೂರು ವಾರದ ಮೇಲೆ ಒಂದು ಸಲ ತಪ್ಪುತ್ತಾನೆ. ಈಗ ಅವನ ತಲೆಯಲ್ಲಿ ಬರೀ ಕುಡಿದ ತಪ್ಪಲ್ಲ, ಮಗನಿಗೆ ಕೆಡುಕು ಮಾಡಿದ ಪಾಪ ಕೂತಿದೆ. ಆ ಪಾಪದ ನೋವು ತಡೆಯಲು ಅವನಿಗೆ ಗೊತ್ತಿರುವ ಔಷಧಿ ಒಂದೇ. ಒಂದು ದಿನದಲ್ಲಿ ನಿಲ್ಲಬೇಕಾದದ್ದು ಒಂದು ತಿಂಗಳಾಗುತ್ತದೆ. ಆ ಮಗುವಿಗೆ ಜ್ವರ ಬಂದರೆ ಮನೆಯವರೆಲ್ಲಾ ಅವನ ಮುಖ ನೋಡುತ್ತಾರೆ. ಮಗುವೂ ನೋಡುತ್ತದೆ. ಇದನ್ನು ಕಂಡು ನನಗೆ ತುಂಬಾ ಸಂಕಟ ಆಗಿದೆ.

ಇನ್ನೊಂದನ್ನೂ ಕೈ ಮುಗಿದು ಕೇಳಿಕೊಳ್ಳುತ್ತೇನೆ. ಗೊತ್ತಿಲ್ಲದ ಹಾಗೆ ಸಾರಿಗೆ, ಕಾಫಿಗೆ ಮಾತ್ರೆ ಪುಡಿ ಮಾಡಿ ಹಾಕುವುದು. ಇಲ್ಲಿ ಯಾರು ಹಾಕಿದ್ದೀರಿ ಅಂತ ಕೇಳುವುದಿಲ್ಲ. ಹಾಕಿದವರ ಕಷ್ಟ ನನಗೆ ಅರ್ಥ ಆಗುತ್ತದೆ. ಬೇರೆ ದಾರಿ ಕಾಣದೆ ಹಾಕಿದ್ದೀರಿ. ಆ ಮಾತ್ರೆ ಹೆಚ್ಚಾಗಿ ಡೈಸಲ್ಫಿರಾಂ. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನಲ್ಲಿ ಇದರ ಗುಣ ಗೊತ್ತಾಯಿತು. ಮದ್ಯ ದೇಹದಲ್ಲಿ ಕರಗುವಾಗ ನಡುವೆ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಸಾಮಾನ್ಯವಾಗಿ ದೇಹ ಅದನ್ನು ಬೇಗ ಕಳೆದುಬಿಡುತ್ತದೆ. ಈ ಮಾತ್ರೆ ಅದನ್ನು ಕಳೆಯಲು ಬಿಡುವುದಿಲ್ಲ. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದು, ವಾಂತಿಯಾಗಿ, ಬಿಪಿ ಇಳಿದು ಬೀಳುತ್ತಾರೆ. ಹೃದಯದ ತೊಂದರೆ ಇರುವವರು ಸಾಯಬಹುದು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಇದು ಆಗಬಹುದು. ರೋಗಿಗೆ ಎಲ್ಲಾ ವಿವರಿಸಿ, ಅವರು ಒಪ್ಪಿ, ಪರೀಕ್ಷೆ ಮಾಡಿಸಿ, ಮನೆಯವರ ಕೈಯಿಂದ ದಿನಾ ತೆಗೆದುಕೊಂಡರೆ ಅದು ಒಳ್ಳೆಯ ಔಷಧಿ. ಕದ್ದು ಹಾಕಿದರೆ ವಿಷ. ಬೇಕು ಅನ್ನಿಸುವುದನ್ನೇ ಕಮ್ಮಿ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಥರದ ಔಷಧಿಗಳು ಈಗ ಇವೆ. ಕೇಳಿ ಪಡೆಯಿರಿ.

ವಸ್ತುವೇ ಇಲ್ಲದ ವ್ಯಸನದ ಬಗ್ಗೆಯೂ ಎರಡು ಮಾತು ಹೇಳಬೇಕು, ಯಾಕೆಂದರೆ ಈಗ ನಿಮ್ಮ ಮಕ್ಕಳ ವಯಸ್ಸಿನವರು ನಮ್ಮಲ್ಲಿಗೆ ಬರುವುದು ಇದಕ್ಕೇ. ಫೋನಿನಲ್ಲಿ ರಮ್ಮಿ, ಕ್ರಿಕೆಟ್ ಬೆಟ್ಟಿಂಗ್. ಇಲ್ಲಿ ದೇಹದೊಳಗೆ ಏನೂ ಹೋಗುವುದಿಲ್ಲ. ಬಿಟ್ಟರೆ ಫಿಟ್ಸ್ ಬರುವುದಿಲ್ಲ. ಆದರೆ ದೀಪ ಅದೇ. ಅದೂ ಯಾವ ಸಲ ಗೆಲುವು ಅಂತ ಗೊತ್ತಿಲ್ಲದ ದೀಪ, ಅದು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಜೂಜನ್ನು, ವಿಡಿಯೋ ಗೇಮ್ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ವ್ಯಸನಗಳ ಗುಂಪಿಗೇ ಸೇರಿಸಿದೆ. ನಿಮ್ಹಾನ್ಸ್‌ನಲ್ಲಿ ಫೋನ್, ಇಂಟರ್ನೆಟ್ ಗೀಳಿಗಾಗಿಯೇ 2014ರಿಂದ ಶಟ್ ಕ್ಲಿನಿಕ್ ಇದೆ. ಕುಡಿತ ಬಾಯಿ ವಾಸನೆಯಿಂದ ಗೊತ್ತಾಗುತ್ತದೆ, ಇದು ಗೊತ್ತಾಗುವುದು ಸಾಲಗಾರ ಮನೆ ಬಾಗಿಲಿಗೆ ಬಂದಾಗ. ಹೋದ ದುಡ್ಡನ್ನು ಗೆದ್ದು ತರುತ್ತೇನೆ ಅಂತ ಮಗ ಹೇಳಿದರೆ ಆ ಮಾತಿಗೆ ಹೆದರಿ. ಸಾಲ ತೀರಿಸಿ ಬೈದು ಬಿಟ್ಟುಬಿಡಬೇಡಿ. ಒಂಟಿಯಾಗಿ ಬಿಡಬೇಡಿ. ಜೀವ ಕಳೆದುಕೊಳ್ಳುವ ಯೋಚನೆ ಇಲ್ಲಿ ಜಾಸ್ತಿ.

ಸಂಚಿಯಲ್ಲಿ ಕಡ್ಡಿಪುಡಿ, ಹೊಗೆಸೊಪ್ಪು ಇಟ್ಟುಕೊಂಡು ಬಂದಿರುವ ಅಮ್ಮಂದಿರೂ ಇಲ್ಲಿದ್ದಾರೆ. ನಾಚಿಕೆ ಬೇಡ. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಬಿಟ್ಟ ಮೊದಲ ಎರಡು ಮೂರು ದಿನ ತುಂಬಾ ಕಷ್ಟ, ಸಿಡಿಮಿಡಿ, ಕೆಲವು ವಾರದಲ್ಲಿ ಇಳಿಯುತ್ತದೆ. ಪ್ರಾಣಕ್ಕೆ ಅಪಾಯ ಇಲ್ಲ. ಊಟ ಆದ ಮೇಲೆ ಕೈ ತಾನಾಗಿ ಸಂಚಿಗೆ ಹೋಗುತ್ತದಲ್ಲ, ಆ ಕೈಗೆ ಬೇರೆ ಕೆಲಸ ಕೊಡಬೇಕು. ಒಂದು ಲವಂಗ, ನಾಲ್ಕು ಕಾಳು ಸೋಂಪು. ಅಡಿಕೆಯನ್ನು ಮಾತ್ರ ಉಳಿಸಿಕೊಳ್ಳುತ್ತೇನೆ ಅನ್ನಬೇಡಿ. ಹೊಗೆಸೊಪ್ಪು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ತೀರ್ಮಾನಿಸಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ನಿಂತು ಈ ಮಾತು ಹೇಳುವುದು ಸುಲಭವಲ್ಲ. ದೊಡ್ಡಮ್ಮನ ಮುಖ ನೆನಪಾದರೆ ಹೇಳದೆ ಇರಲೂ ಆಗುವುದಿಲ್ಲ.

ಎಲ್ಲಿಗೆ ಹೋಗಬೇಕು ಅಂತ ಕೇಳಿದಿರಿ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಗುತ್ತಿತ್ತು. ಉಳಿದ 37 ಜನ ನಮ್ಮ ನಿಮ್ಮ ಬೀದಿಯಲ್ಲೇ ಇದ್ದಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ, ನಿಮ್ಮ ತಾಲೂಕಿನ ದಿನ ವಿಚಾರಿಸಿಕೊಳ್ಳಿ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಲು ಟೆಲಿ ಮಾನಸ್ ಇದೆ, 14416. ವ್ಯಸನಕ್ಕೇ ಮೀಸಲಾದದ್ದು 14446. ಎರಡಕ್ಕೂ ದುಡ್ಡಿಲ್ಲ. ಕೂಡಿ ಹಾಕಿ, ಹೊಡೆದು, ಸರಪಳಿ ಬಿಗಿದು ಬಿಡಿಸುತ್ತೇವೆ ಅನ್ನುವ ಜಾಗಕ್ಕೆ ಸೇರಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ವ್ಯಸನದಿಂದ ಬರುವ ಮಾನಸಿಕ ತೊಂದರೆಗಳಿಗೂ ಅನ್ವಯಿಸುತ್ತದೆ. ಸರಪಳಿ ಹಾಕುವುದು ಕಾನೂನಿಗೆ ವಿರುದ್ಧ.

ಕೊನೆಗೆ ಆ ದಂಪತಿಯ ವಿಷಯ. ಅವರು ಮತ್ತೆ ಬಂದರು. ಈ ಸಲ ನಾನು ಸಮಯ ಮಾಡಿಕೊಂಡೆ. ಮೂವರೂ ಕೂತು ಒಂದು ಹಾಳೆ ತೆಗೆದು ಸಂಜೆ ಆರರಿಂದ ಎಂಟರವರೆಗೆ ಏನು ಅಂತ ಬರೆದೆವು. ಕೆಲಸದಿಂದ ಬರುವ ದಾರಿ ಬದಲಾಯಿಸಿದೆವು, ಒಂದೂವರೆ ಕಿಲೋಮೀಟರ್ ಸುತ್ತು. ಕೂಲಿ ದುಡ್ಡು ಹೆಂಡತಿಯ ಖಾತೆಗೆ. ಬೇಕು ಅನ್ನಿಸಿದಾಗ ಆ ಅಲೆ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ, ಆ ಅರ್ಧ ಗಂಟೆ ಯಾರ ಜೊತೆ ಇರುತ್ತೀರಿ ಅಂತ ಕೇಳಿದೆ. ಮಾಲೆ ಹಾಕಿಸುವ ಗುರುಸ್ವಾಮಿಯ ಹೆಸರು ಹೇಳಿದರು. ಮಾತ್ರೆಯನ್ನೂ ಶುರು ಮಾಡಿದೆವು. ಎರಡು ತಿಂಗಳು ಚೆನ್ನಾಗಿತ್ತು. ಯುಗಾದಿಯ ಹೊಸತೊಡಕಿನ ದಿನ ಬಾಡೂಟಕ್ಕೆ ನೆಂಟರು ಬಂದರು, ಗಂಡ ಕುಡಿದರು. ಮೊದಲಾಗಿದ್ದರೆ ಅದು ಮುಂದಿನ ಮಾಲೆಯವರೆಗೆ ನಡೆಯುತ್ತಿತ್ತು. ಈ ಸಲ ಮೂರನೇ ದಿನಕ್ಕೆ ಇಬ್ಬರೂ ನಮ್ಮ ಓಪಿಡಿಯಲ್ಲಿದ್ದರು. ಆಕೆ ಬೈಯಲಿಲ್ಲ. ಹಾಳೆ ತೆಗೆದು, ಹಬ್ಬದ ದಿನಕ್ಕೆ ನಾವು ಏನೂ ಬರೆದೇ ಇರಲಿಲ್ಲ ಡಾಕ್ಟ್ರೇ ಅಂದರು. ಬರೆದೆವು.

ಮುಂದಿನ ನವೆಂಬರಿನಲ್ಲಿ ಅವರು ಮತ್ತೆ ಮಾಲೆ ಹಾಕಿದರು. ಮಲೆಯಿಂದ ಬಂದು ಮಾಲೆ ತೆಗೆದ ದಿನ ಮಧ್ಯಾಹ್ನ ಸೀದಾ ನಮ್ಮ ಓಪಿಡಿಗೆ ಬಂದು ಬೆಂಚಿನ ಮೇಲೆ ಕೂತಿದ್ದರು. ಕೈಯಲ್ಲಿ ಅರವಣ ಪಾಯಸದ ಡಬ್ಬಿ. ಚೀಟಿ ಮಾಡಿಸಿರಲಿಲ್ಲ. "ತೋರಿಸ್ಕೊಳ್ಳೋಕೆ ಅಲ್ಲ ಡಾಕ್ಟ್ರೇ, ಆರೂವರೆ ಕಳೀಲಿ ಅಂತ ಬಂದೆ" ಅಂದರು. ಓಪಿಡಿ ಮುಗಿದ ಮೇಲೂ ಅಲ್ಲೇ ಇದ್ದರು. ಏಳು ಗಂಟೆಗೆ ಆಕೆ ಬಂದರು. ಬಾಗಿಲಲ್ಲಿ ನಿಂತು, "ಹೊರಡೋಣ್ವಾ, ಸ್ವಾಮಿ?" ಅಂದರು.